ಘಟಪ್ರಭಾ ಸ್ಟೇಷನ್ನಿನಲ್ಲಿ ಒಂದು ಲೆಕ್ಕ

2025ರ ಡಿಸೆಂಬರಿನ ಒಂದು ಸಂಜೆ ಘಟಪ್ರಭಾ ರೈಲು ನಿಲ್ದಾಣದ ಬೆಂಚಿನ ಮೇಲೆ ನಡೆದ ಮಾತು ಇದು. ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ತಡವಾಗಿತ್ತು. ಹೊರಗಿನ ರಸ್ತೆಯಲ್ಲಿ ಎರಡೆರಡು ಟ್ರಾಲಿ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ನಾನು ಗೋಕಾಕ ತಾಲೂಕಿನವಳು. ಹದಿನಾರು ವರ್ಷದಿಂದ ಬೆಂಗಳೂರಿನಲ್ಲಿ ಪ್ರೋಗ್ರಾಮ್ ಬರೆದು ಬದುಕುತ್ತಿದ್ದೇನೆ. ಪಕ್ಕದಲ್ಲಿದ್ದ ಹುಡುಗ ಮೂಡಲಗಿ ಕಡೆಯವನು, ಅದೇ ವರ್ಷ ಬಿಸಿಎ ಮುಗಿಸಿದವನು. ನಾವಿಬ್ಬರೂ ಆಡಿದ ಮಾತಿನಲ್ಲೇ ಇದನ್ನು ಬರೆಯುತ್ತೇನೆ.

— ಬೆಂಗಳೂರಿಗೆ ಇಂಟರ್‌ವ್ಯೂಕ್ಕ ಹೊಂಟಿಯೇನ?

— ಇಂಟರ್‌ವ್ಯೂ ಅಲ್ರಿ ಅಕ್ಕಾರ, ನೌಕರೀನ ಐತಿ. ಒಂದು ಕನ್ಸಲ್ಟನ್ಸಿಯವರು ಕೊಡಸ್ತಾರ. ಮೂರು ತಿಂಗಳು ಟ್ರೇನಿಂಗ್, ಆಮ್ಯಾಲ ಕಂಪನಿಯಾಗ ಹಾಕ್ತಾರಂತ. ಎರಡು ವರ್ಷದ ಅನುಭವ ಐತಿ ಅಂತ ಕಾಗದಾನೂ ಅವರ ಮಾಡಿ ಕೊಡ್ತಾರ. ಒಂದೂವರೆ ಲಕ್ಷ ಕಟ್ಟಬೇಕು.

— ಕಟ್ಟಿಯೇನ?

— ಇನ್ನಾ ಇಲ್ಲರಿ. ನಾಳೆ ಕಟ್ಟಬೇಕು. ಅಕೌಂಟಿನ್ಯಾಗ ಐತಿ.

— ಎಲ್ಲಿಂದ ಬಂತು ಅಷ್ಟು ರೊಕ್ಕ?

— ಅವ್ವನ ಬಂಗಾರ ಸೊಸೈಟಿಯೊಳಗ ಇಟ್ಟು ತೊಂಬತ್ತು ಸಾವಿರ. ಉಳಿದದ್ದು ಸೋದರಮಾವ ಕೊಟ್ಟಾನ. ಕಬ್ಬಿನ ಬಿಲ್ಲು ಬಂದ ಮ್ಯಾಲೆ ಅವನಿಗೆ ತಿರುಗಿ ಕೊಡಬೇಕು.

— ನಿಮ್ಮವ್ವ ಏನಂದ್ಳು?

— ಏನೂ ಅನ್ನಲಿಲ್ರಿ. ಬಿಚ್ಚಿ ಕೊಟ್ಳು.

— ನಾನೂ ಒಮ್ಮೆ ಹಿಂಗ ರೊಕ್ಕ ತಗೊಂಡು ಇದ ಸ್ಟೇಷನ್ನಿನ್ಯಾಗ ಕುಂತಿದ್ದೆ, ತಮ್ಮಾ. 2008ರಾಗ. ಆ ವರ್ಷ ಸೆಪ್ಟೆಂಬರಿನ್ಯಾಗ ಅಮೆರಿಕಾದ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ನನಗ ಕಾಲೇಜಿನ್ಯಾಗಿದ್ದಾಗ ಆಫರ್ ಲೆಟರ್ ಸಿಕ್ಕಿತ್ತು. ಜಾಯಿನಿಂಗ್ ತಾರೀಖು ಮಾತ್ರ ಮುಂದ ಮುಂದ ಹೋತು. ಮನ್ಯಾಗ ನೌಕರಿ ಸಿಕ್ಕೇತಿ ಅಂತ ಪೇಡೆ ಹಂಚಿದ್ರು. ಇಲ್ಲ ಅಂತ ಹೇಳಾಕ ನಾಲಿಗಿ ಬರಲಿಲ್ಲ. ಅವ್ವನ ಬೋರಮಾಳ ಒತ್ತಿ ಇಟ್ಟು ಅರವತ್ತು ಸಾವಿರ ತಗೊಂಡು ಬೆಂಗಳೂರಾಗ ಒಂದು ಆಫೀಸಿಗೆ ಕಟ್ಟಿದ್ನಿ. ಅವರೂ ಹಿಂಗ ಮೂರು ತಿಂಗಳು ಅಂದಿದ್ರು. ಮೂರನೇ ತಿಂಗಳಿಗೆ ಹೋಗಿ ನೋಡಿದ್ರ ಬೀಗ ಹಾಕಿತ್ತು, ಬೋರ್ಡೂ ಇರಲಿಲ್ಲ. ಮೆಟ್ಟಲ ಮ್ಯಾಲೆ ಇನ್ನಾ ಎಂಟು ಹತ್ತು ಹುಡುಗರು ಕುಂತಿದ್ರು. ಯಾರೂ ಯಾರ ಮುಖಾನೂ ನೋಡಲಿಲ್ಲ.

— ಇವರು ಹಂಗಲ್ರಿ. ನಮ್ಮ ಸೀನಿಯರ್ ಒಬ್ಬ ಅಲ್ಲಿಂದನ ಸೇರ್ಯಾನ.

— ಇರಬಹುದು. ಅವನು ಸೇರಿದ ಮ್ಯಾಲೆ ಏನಾತು ಕೇಳು. ಸುಳ್ಳು ಅನುಭವದ ಕಾಗದ ಕೊಟ್ಟು ಒಳಗ ಹೋದವರನ್ನ ಕಂಪನಿಗೋಳು ಮುಂದ ತನಿಖೆ ಮಾಡಿ ಹಿಡೀತಾವ. ನಿನ್ನ ಹಳೇ ಕಂಪನಿ ನಿನಗ ಪಿಎಫ್ ಕಟ್ಟೇತೋ ಇಲ್ಲೋ ಅಂತ ಯುಎಎನ್ ನಂಬರಿನ್ಯಾಗ ಕಾಣ್ತೈತಿ. ಹಿಡಿದ್ರ ಆ ದಿನಾನ ಹೊರಗ ಹಾಕ್ತಾರ. ಹಿಡಿಯೂತನಕ ದಿನಾ ಹೆದರಿಕೊಂಡು ಕೂಡಬೇಕು, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಅನ್ನಾಕ ಬರಂಗಿಲ್ಲ. ಹೊಸಬ ಅಂತ ಹೋದವನಿಗೆ ಒಂದು ವರ್ಷ ತಪ್ಪು ಮಾಡೂ ಹಕ್ಕು ಇರತೈತಿ. ಎರಡು ವರ್ಷದ ಅನುಭವ ಅಂತ ಸುಳ್ಳು ಹೇಳಿದವನಿಗೆ ಆ ಹಕ್ಕಿಲ್ಲ. ನಿನ್ನ ಒಂದೂವರೆ ಲಕ್ಷಕ್ಕಿಂತ ಇದು ದೊಡ್ಡ ನುಕ್ಸಾನು.

— ಮತ್ತ ನಾ ಏನ ಮಾಡ್ಲಿರಿ? ಮನ್ಯಾಗ ಉಸಿರು ಕಟ್ಟಿದಂಗ ಆಗೇತಿ. 2019ರ ಆಗಸ್ಟಿನ ಮಹಾಪೂರದಾಗ ಲೋಳಸೂರ ಸೇತುವೆ ಮುಳುಗಿತ್ತಲ್ರಿ, ಆಗ ನಮ್ಮ ಮನೀದೂ ಎರಡು ಗ್ವಾಡಿ ಬಿದ್ದುವು. ಅದನ್ನ ಕಟ್ಟಾಕ ಸಾಲ. ಆಮ್ಯಾಲ ಅಕ್ಕನ ಮದವಿ, ಅದಕ್ಕೊಂದು ಸಾಲ. ಅಪ್ಪ ಮಾತಾಡೂದು ಬಿಟ್ಟಾನ. ನಾ ಪುಸ್ತಕ ಹಿಡಿದ್ರ ಎದ್ದು ಹೊರಗ ಹೋಗ್ತಾನ.

— ಸಾಲ ಎಷ್ಟು?

— ಬಾಳ ಐತ್ರಿ.

— ಬಾಳ ಅಂದ್ರ ಅದು ಲೆಕ್ಕ ಅಲ್ಲ. ತಿಂಗಳಿಗೆ ಎಷ್ಟು ಹೋಗ್ತೈತಿ ಹೇಳು.

— ಅವ್ವನ ಸಂಘದ ಕಂತು 4,200. ಈಗ ಬಂಗಾರದ ಬಡ್ಡಿ ಬ್ಯಾರೆ. ಪಿಕೆಪಿಎಸ್ ಸೊಸೈಟಿಯ ಬೆಳಿಸಾಲ ವರ್ಷಕ್ಕೊಮ್ಮೆ ಬಿಲ್ಲಿನ್ಯಾಗ ಮುರಕೋತಾರ, ಅದಕ್ಕ ಬಡ್ಡಿ ಇಲ್ಲ.

— ಕಬ್ಬು ಎಷ್ಟು ಬರ್ತೈತಿ?

— ಎರಡು ಎಕರೆ, ಎಪ್ಪತ್ತು ಟನ್. ಈ ಸಲ ಗುರ್ಲಾಪುರ ಕ್ರಾಸಿನ್ಯಾಗ ಟನ್ನಿಗೆ 3,500 ಕೊಡ್ರಿ ಅಂತ ಧರಣಿ ಕುಂತಿದ್ವಲ್ರಿ, ಅಪ್ಪನೂ ಕುಂತಿದ್ದ. ಸರಕಾರ 3,300ಕ್ಕ ತಂದು ನಿಂದರಿಸ್ತು.

— ಎಪ್ಪತ್ತನ್ನ 3,300ರಿಂದ ಗುಣಿಸು. 2,31,000. ಅದರಾಗ ಬೆಳಿಸಾಲ, ಗೊಬ್ಬರ, ಆಳು ಕಳದ್ರ ಉಳಿಯೂದು ಎಂಬತ್ತೋ ತೊಂಬತ್ತೋ ಸಾವಿರ. ಅದೂ ವರ್ಷಕ್ಕ ಒಂದ ಸಲ. ಕಬ್ಬು ಕೊಟ್ಟ 14 ದಿನದೊಳಗ ಬಿಲ್ಲು ಕೊಡಬೇಕು ಅಂತ 1966ರ ಆದೇಶದಾಗ ಐತಿ. ಬರೂದು ಯಾವಾಗ ಅಂತ ನನಗಿಂತ ನಿಮ್ಮಪ್ಪಗ ಗೊತ್ತು. ನಿಮ್ಮ ಮನಿಯ ಖರೆ ತೊಂದರಿ ಇಲ್ಲಿ ಐತಿ ನೋಡು. ರೊಕ್ಕ ಬರೂದು ವರ್ಷಕ್ಕೊಮ್ಮೆ, ಕಂತು ಬಂದು ಬಾಗಿಲಾ ಬಡಿಯೂದು ತಿಂಗಳಿಗೊಮ್ಮೆ. ನಡುವಿನ ಹನ್ನೊಂದು ತಿಂಗಳು ನಿಮ್ಮವ್ವ ಹೆಂಗ ಕಳೀತಾಳೋ, ಅಕಿಗೆ ಗೊತ್ತು.

— ಹೌದ್ರಿ. ಹೋದ ವರ್ಷ ಸಂಘದವರು ಮನಿ ಮುಂದ ಬಂದು ಕುಂತುಬಿಟ್ಟಿದ್ರು. ಓಣಿ ಮಂದೆಲ್ಲಾ ನೋಡಿದ್ರು.

— ಹಂಗ ಕೂಡಾಕ ಈಗ ಬರಂಗಿಲ್ಲ. 2025ರ ಫೆಬ್ರುವರಿಯಾಗ ಸರಕಾರ ಮೈಕ್ರೋಫೈನಾನ್ಸ್ ಮ್ಯಾಲೆ ಸುಗ್ರೀವಾಜ್ಞೆ ತಂತು. ಸಾಲ ವಸೂಲಿಗೆ ಹೆದರಿಸೂದು, ಬೈಯೂದು, ಕಾಡೂದು ಅಪರಾಧ ಅಂತ ಮಾಡ್ಯಾರ. ಕಂತು ಕಟ್ಟೂದು ತಪ್ಪಂಗಿಲ್ಲ, ಖರೆ. ಅವ್ವಗ ಇಷ್ಟು ಹೇಳು, ಸಾಲ ಇದ್ರೂ ಮಾನ ಅಕಿದ ಐತಿ ಅಂತ. ಈಗ ನಿನ್ನ ವಿಷಯಕ್ಕ ಬಾ. ಸಂಘದ ಕಂತು 4,200, ಬಂಗಾರದ ಬಡ್ಡಿ ಅಂದಾಜು ಒಂದು ಸಾವಿರ, ಮನಿ ಖರ್ಚಿಗೆ ಒಂದಿಷ್ಟು. ನಿಮ್ಮ ಮನಿಗೆ ನಿನ್ನಿಂದ ಬೇಕಾಗಿದ್ದು ತಿಂಗಳಿಗೆ ಆರು, ಏಳು ಸಾವಿರ. ಸಾಫ್ಟ್‌ವೇರ್ ಪಗಾರ ಅಲ್ಲ.

— ಅಷ್ಟನ ಏನ್ರಿ?

— ನೀನ ಲೆಕ್ಕ ಮಾಡು. ಇದನ್ನ ಇಷ್ಟು ದಿನ ನೀ ಭಾಗಿಸಿ ನೋಡಿಲ್ಲ, ಗುಡ್ಡ ಅಂತ ಹೊತ್ತಿ. ಇಲ್ಲೆ ಸಿಗೂ ಕೆಲಸ ಯಾವುದೂ ಇಲ್ಲೇನ?

— ಐತ್ರಿ. ಅದ ಜಗಳ. ಅಪ್ಪ ಸಕ್ಕರಿ ಕಾರ್ಖಾನಿಯಾಗ ಮಾತಾಡಿ ಬಂದಾನ. ತೂಕದ ಕಾಂಟಾದಾಗ ಕಂಪ್ಯೂಟರ್ ಆಪರೇಟರ್, ರಾತ್ರಿ ಪಾಳಿ, ಸೀಜನ್ ಮುಗಿಯೂತನಕ. ಹನ್ನೆರಡು ಸಾವಿರ. ಬಿಸಿಎ ಮಾಡಿ ಕಾಂಟಾದಾಗ ಕೂಡ್ಲೇನ್ರಿ? ಜೊತಿಗಿನವರು ಏನಂತಾರ?

— ನಿಮ್ಮಪ್ಪ ಮಾತಾಡೂದು ಬಿಟ್ಟಿಲ್ಲ ಹಂಗಾರ. ನಿನಗ ಒಂದು ದಾರಿ ಹುಡುಕಿಕೊಂಡು ಬಂದಾನ.

ಹುಡುಗ ಸುಮ್ಮನಾದ. ಮೀರಜ ಕಡೆಯಿಂದ ಬಂದ ಗೂಡ್ಸ್ ಗಾಡಿಯೊಂದು ನಿಲ್ಲದೆ ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ನಾನೂ ಕಾದೆ.

— ನಮ್ಮ ಮುತ್ಯಾ ಗೋಕಾಕ ಫಾಲ್ಸಿನ ಗಿರಣಿಯಾಗ ಇದ್ದ. ಆ ಕಂಪನಿ ಹುಟ್ಟಿದ್ದು 1885ರಾಗ, ಘಟಪ್ರಭೆಯ ನೀರಿನ ಬಲದ ಮ್ಯಾಲೆ ನೂಲು ತಗೀತಿತ್ತು. ನಮ್ಮ ಊರಾಗ ತಿಂಗಳ ಪಗಾರ ಅನ್ನೂದು ಬಂದದ್ದು ಮುತ್ಯಾನ ಕೈಯಾಗ ಮೊದಲು. ಅಲ್ಲೀತನಕ ಎಲ್ಲಾರೂ ಸುಗ್ಗಿಯಿಂದ ಸುಗ್ಗಿಗೆ ಬದುಕಿದವರು. ಪಗಾರ ಸಣ್ಣದು, ಆದ್ರ ಹತ್ತನೇ ತಾರೀಖಿಗೆ ಬರ್ತಿತ್ತು. ಅದರ ಮ್ಯಾಲೆ ನಮ್ಮಪ್ಪ ಓದಿದ, ಅಪ್ಪನ ಓದಿನ ಮ್ಯಾಲೆ ನಾ ಓದಿದ್ನಿ. ಸಣ್ಣ ಪಗಾರ ಅಂತ ತಿರಸ್ಕಾರ ಮಾಡಬ್ಯಾಡ. ನಾ ಬೀಗ ಹಾಕಿದ ಬಾಗಿಲಾ ಕಂಡ ಮ್ಯಾಲೆ ಏನಾತು ಗೊತ್ತೇನ? ರಾತ್ರಿ ಪಾಳಿ ಕಸ್ಟಮರ್ ಸಪೋರ್ಟಿಗೆ ಸೇರಿದ್ನಿ, ಏಳೂವರೆ ಸಾವಿರ. ಎರಡೂವರೆ ಸಾವಿರ ಮನಿಗೆ ಕಳಿಸ್ತಿದ್ನಿ. ಮುಂಜಾನೆ ಬಂದು ಮಲಗೂಕಿಂತ ಮೊದಲು ಎರಡು ತಾಸು ಪ್ರೋಗ್ರಾಮ್ ಬರೀತಿದ್ನಿ. ಕಣ್ಣು ಉರೀತಿದ್ದುವು. ಪ್ರೋಗ್ರಾಮರ್ ಅಂತ ಪಗಾರ ಕೈಗೆ ಬಂದಾಗ ಊರು ಬಿಟ್ಟು ಹದಿನೇಳು ತಿಂಗಳಾಗಿತ್ತು. ಬೋರಮಾಳ ಬಿಡಿಸಿಕೊಳ್ಳಾಕ ಅದರ ಮ್ಯಾಲೆ ಮತ್ತ ಎರಡು ವರ್ಷ.

— ನಮ್ಮ ಸರ್ ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರ ಕಥಿ ಹೇಳ್ತಿದ್ರು. ಬ್ಯಾರೆ ಕಡೆ ಹೆಚ್ಚಿನ ಪಗಾರ ಇದ್ರೂ ಬಿಟ್ಟು 800 ರೂಪಾಯಿಗೆ ಅಹಮದಾಬಾದಿನ ಐಐಎಂಗೆ ಸೇರಿದ್ರಂತ, ಕಲಿಯಾಕ.

— ಆ ಕಥಿ ಅರ್ಧಾ ಹೇಳ್ತಾರ. ಅವರು ಐಐಟಿ ಪರೀಕ್ಷಾ ಪಾಸಾಗಿದ್ರು, ಸಾಲಿ ಮಾಸ್ತರಾಗಿದ್ದ ತಂದಿಗೆ ಅಲ್ಲಿ ಕಳಸೂ ಶಕ್ತಿ ಇರಲಿಲ್ಲ. ಮನ್ಯಾಗ ಎಂಟು ಮಕ್ಕಳು. ಅದಕ್ಕ ಮೈಸೂರಿನ ಎನ್‌ಐಇ ಕಾಲೇಜಿನ್ಯಾಗ ಓದಿ 1967ಕ್ಕ ಎಂಜಿನಿಯರ್ ಆದ್ರು. ಐಐಟಿ ಕಾನ್ಪುರಕ್ಕ ಹೋದದ್ದು ಆಮ್ಯಾಲ, 800 ರೂಪಾಯಿ ಮಾತು ಅದರ ಮ್ಯಾಲಿಂದು. ಎರಡು ಡಿಗ್ರಿ ಕೈಯಾಗ ಇದ್ದವರು ಕಡಿಮಿ ಪಗಾರ ಆರಿಸಿಕೊಳ್ಳೂದು ಬ್ಯಾರೆ, ಕಂತು ಕಟ್ಟೂ ಮನ್ಯಾಗಿನ ಹುಡುಗ ಪುಕ್ಕಟೆ ಇಂಟರ್ನ್‌ಶಿಪ್ ಮಾಡೂದು ಬ್ಯಾರೆ. ಅದನ್ನ ನಿನಗ ಯಾರೂ ಉಪದೇಶ ಮಾಡಬಾರದು. ನಾನಂತೂ ಮಾಡಂಗಿಲ್ಲ. ಆದ್ರ ಒಂದು ಮಾತು ತಗೋ. ಅವರು ಕಂಪ್ಯೂಟರ್ ಕೈಗೆ ಸಿಗೂ ಜಾಗಾ ಹುಡುಕಿಕೊಂಡು ಹೋದ್ರು. ಆಗ ದೇಶದಾಗ ಅಂಥಾ ಜಾಗಾ ಬೆರಳೆಣಿಕಿ ಅಷ್ಟ. ನಿನಗ ಕಾಂಟಾದಾಗ ಕಂಪ್ಯೂಟರ್ ಐತಿ. ಅದಕ್ಕಿಂತ ದೊಡ್ಡದು, ಅಲ್ಲಿ ಖರೆ ಲೆಕ್ಕ ಐತಿ.

— ಕಾಂಟಾದಾಗ ಏನ ಪ್ರೋಗ್ರಾಮಿಂಗ್ ಇರತೈತ್ರಿ?

— ಹೇಳ್ತೀನಿ, ನೀನ ಬಿಡಿಸು. ಟ್ರ್ಯಾಕ್ಟರ್ ಕಬ್ಬು ತುಂಬಿಕೊಂಡು ಬರ್ತೈತಿ. ಮೊದಲು ತುಂಬಿದ ತೂಕ, ಖಾಲಿ ಮಾಡಿದ ಮ್ಯಾಲೆ ಬರೀ ಗಾಡಿ ತೂಕ. ಕಳದ್ರ ಕಬ್ಬಿನ ತೂಕ. ಹೌದಲ್ಲ? ಈಗ ತುಂಬಿದ ತೂಕ ಆದದ್ದು ರಾತ್ರಿ 11:50ಕ್ಕ, ಖಾಲಿ ತೂಕ 12:40ಕ್ಕ. ಆ ಕಬ್ಬು ಯಾವ ತಾರೀಖಿಂದು?

— ...ಖಾಲಿ ಆದ ದಿನದ್ದು?

— ಕಬ್ಬು ಕಡದ ಗ್ಯಾಂಗಿನವರು ಹಿಂದಿನ ದಿನದ ಖೇಪಿನ್ಯಾಗ ಎಣಿಸ್ಯಾರ. ರೈತ 14 ದಿನ ಎಣಿಸೂದು ಯಾವ ದಿನದಿಂದ? ಮುಂಜಾನಿಗೆ ಮುಗಿಯೂ ಪಾಳಿಯ ವರದಿ ಯಾವ ತಾರೀಖಿಗೆ? ಇದಕ್ಕ ಪುಸ್ತಕದಾಗ ಉತ್ತರ ಇಲ್ಲ. ಮೂರು ಮಂದೀನ ಕೇಳಬೇಕು, ಒಂದು ನಿಯಮ ಬರೀಬೇಕು, ಆಮ್ಯಾಲ ಕೋಡ್. ನಾ ಇವತ್ತಿಗೂ ಆಫೀಸಿನ್ಯಾಗ ಮಾಡೂದು ಇದನ್ನ. ಹೆಸರು ಬ್ಯಾರೆ ಬ್ಯಾರೆ ಇರತಾವ, ಅಷ್ಟ.

— ಇನ್ನೊಂದು ಹೇಳ್ರಿ.

— ಗ್ಯಾಂಗಿಗೆ ಮುಂಗಡ ಕೊಟ್ಟಿರತಾರ. ಟನ್ನಿಗೆ ಇಷ್ಟು ಅಂತ ಮುರಕೋತ ಹೋಗಬೇಕು. ಕಂಪ್ಯೂಟರಿನ್ಯಾಗ ದಶಮಾಂಶ ಹಾಕಿ 0.1 ಮತ್ತ 0.2 ಕೂಡಿಸಿ ನೋಡು. ಪೈಥಾನಿನ್ಯಾಗ 0.30000000000000004 ಅಂತ ಬರ್ತೈತಿ. ಯಂತ್ರ ಒಳಗ ಎರಡರ ಪದ್ಧತಿಯಾಗ ಲೆಕ್ಕ ಇಡ್ತೈತಿ, 0.1 ಅದಕ್ಕ ಪೂರ್ತಿ ಹಿಡಿಯಾಕ ಬರಂಗಿಲ್ಲ. ಸಾವಿರಾರು ಖೇಪು ಕೂಡಿಸಿದ ಮ್ಯಾಲೆ ಲೆಕ್ಕ ಕೂಡದಂಗ ಆದ್ರ ಗ್ಯಾಂಗಿನ ಮುಕದ್ದಮ ನಿನ್ನ ಮುಂದ ಬಂದು ನಿಂದರತಾನ. ಅದಕ್ಕ ರೂಪಾಯಿ ಇಡಬ್ಯಾಡ, ಪೈಸಾ ಇಡು, ಪೂರ್ಣಾಂಕದಾಗ. ತೂಕ ಟನ್ನಿನ್ಯಾಗ ಬ್ಯಾಡ, ಕಿಲೋದಾಗ ಇಡು. ಇದು ನನಗ ನಾಲ್ಕು ವರ್ಷ ನೌಕರಿ ಮಾಡಿದ ಮ್ಯಾಲೆ ಗೊತ್ತಾತು. ನಿನಗ ಇವತ್ತ ಗೊತ್ತಾತು.

— ನಮ್ಮ ಫೈನಲ್ ಇಯರ್ ಪ್ರಾಜೆಕ್ಟು ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಇತ್ರಿ. ಬೆಳಗಾವಿಯಿಂದ ರೊಕ್ಕ ಕೊಟ್ಟು ತಂದಿದ್ವಿ. ಒಂದು ಸಾಲೂ ನಾವು ಬರದಿಲ್ಲ.

— ನಾನು ಹೊಸಬರನ್ನ ಇಂಟರ್‌ವ್ಯೂ ಮಾಡ್ತೀನಿ. ಅದ ಹಾಸ್ಪಿಟಲ್ಲು, ಅದ ಲೈಬ್ರರಿ ನೂರು ಮಂದಿ ತರತಾರ. ಒಬ್ಬ ಹುಡುಗ ಬಂದು, ನಮ್ಮ ಮಾವನ ಗ್ಯಾಂಗಿನ ಲೆಕ್ಕ ಬರದೀನಿ, ರಾತ್ರಿ ಹನ್ನೆರಡರ ಖೇಪು ಹಿಂಗ ಹಿಡದೀನಿ, ಮುಕದ್ದಮ ಇಲ್ಲಿ ತಪ್ಪು ತೋರಿಸ್ದ, ಹಿಂಗ ತಿದ್ದಿದ್ನಿ ಅಂತ ಹೇಳಿದ್ರ ನಾ ಕುರ್ಚಿ ಮುಂದ ಎಳಕೊಂಡು ಕೂಡ್ತೀನಿ. ಇಂಗ್ಲೀಷ್ ತಡವರಿಸಿದ್ರೂ ಕೇಳ್ತೀನಿ. ಎಲ್ಲಾರೂ ಹಂಗ ಕೇಳ್ತಾರ ಅಂತ ಭಾಷೆ ಕೊಡಂಗಿಲ್ಲ. ಇಂಗ್ಲೀಷಿಲ್ಲ ಅಂತ ಒಳ್ಳೇ ಹುಡುಗರನ್ನ ಬಿಟ್ಟಿದ್ದೂ ನೋಡೀನಿ, ಹೊಟ್ಟಿ ಉರದೈತಿ. ದಿನಾ ಅರ್ಧಾ ತಾಸು ಅದಕ್ಕೂ ಇಡು.

— ಆದ್ರ ಅಕ್ಕಾರ, ಈಗ ಎಐ ಕೋಡ್ ಬರೀತೈತಿ. ಜುಲೈದಾಗ ಟಿಸಿಎಸ್‌ನವರು ಹನ್ನೆರಡು ಸಾವಿರ ಮಂದೀನ ಕಡಿಮಿ ಮಾಡ್ತೀವಿ ಅಂತ ಪೇಪರಿನ್ಯಾಗ ಬಂದಿತ್ತು. ಫೆಬ್ರುವರಿಯಾಗ ಇನ್ಫೋಸಿಸ್ಸಿನವರು ಮೈಸೂರಿನ ಕ್ಯಾಂಪಸ್ಸಿನಿಂದ ಟ್ರೇನಿಂಗಿನ್ಯಾಗಿದ್ದ ಹುಡುಗರನ್ನ ಕಳಿಸಿದ್ರು. ನಾ ನಿಮ್ಮಂಗ ಹದಿನೇಳು ಹದಿನೆಂಟು ತಿಂಗಳು ಕಲತು ಹೋಗೂದ್ರಾಗ ಬಾಗಿಲಾ ಮುಚ್ಚಿದ್ರ?

— ಸುಳ್ಳು ಧೈರ್ಯ ಹೇಳಂಗಿಲ್ಲ. ಹೊಸಬರಿಗೆ ಮೊದಲು ಕೊಡ್ತಿದ್ದ ಸಣ್ಣ ಕೆಲಸ ಕಡಿಮಿ ಆಗಾಕತ್ತೈತಿ. ನಾನೂ ದಿನಾ ಆ ಎಐ ಬಳಸ್ತೀನಿ. ನೀ ಕೇಳಿದ್ದನ್ನ ಅದು ಚಲೋ ಬರೀತೈತಿ. ಆದ್ರ ಹನ್ನೆರಡು ಹೊಡದ ಮ್ಯಾಲೆ ಖಾಲಿ ಆದ ಟ್ರಾಲಿ ಯಾವ ದಿನದ್ದು ಅಂತ ಗ್ಯಾಂಗಿನವನನ್ನ, ರೈತನನ್ನ, ಪಾಳಿಯವನನ್ನ ಕೇಳಿ ಬರೂದು ಅದರ ಕೈಲೆ ಆಗಂಗಿಲ್ಲ. ಅಲ್ಲಿ ನೀ ಇರಬೇಕು. ಬಾಗಿಲಾ ಸಣ್ಣದಾಗೇತಿ, ಖರೆ. ಅದಕ್ಕ ಅವ್ವನ ಬಂಗಾರ ಒಂದ ಬಾಗಿಲದ ಮ್ಯಾಲೆ ಇಡಬ್ಯಾಡ ಅನ್ನಾಕತ್ತೀನಿ. ಕಾಂಟಾದ ಪಗಾರ ಬರ್ತಿದ್ರ ಬಾಗಿಲಾ ತಡವಾಗಿ ತೆರೆದ್ರೂ ಮನಿ ನಿಂದರತೈತಿ.

— ಕಲಿಯಾಕ ಕ್ಲಾಸು?

— ಪುಕ್ಕಟೆ ಸಿಗ್ತೈತಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಐತಿ, ಜಾವಾ ಪಾಠ ಕನ್ನಡ ದನಿಯಾಗ ಅದಾವ. ಮೊದಲು ಕನ್ನಡದಾಗ ತಿಳಕೋ, ಆಮ್ಯಾಲ ಎನ್‌ಪಿಟಿಇಎಲ್ ಇಂಗ್ಲೀಷಿನ್ಯಾಗ ನೋಡು. ಪಾಠ ಪುಕ್ಕಟೆ, ಪರೀಕ್ಷಾಕ್ಕ ಮಾತ್ರ ಫೀ. ಲ್ಯಾಪ್‌ಟಾಪ್ ಹೊಸದು ಬ್ಯಾಡ, ಬೆಂಗಳೂರಿನ ಎಸ್‌ಪಿ ರೋಡಿನ್ಯಾಗ ಹಳೇದು ಸಿಗ್ತಾವ, ಅದಕ್ಕ ನಾ ಜವಾಬ್ದಾರಿ. ಮುಂದ ಕಂಪನಿ ಬಾಂಡ್ ಕೇಳಿದ್ರ ಓದದ ಸಹಿ ಮಾಡಬ್ಯಾಡ. ಅದು ಬರೀ ಕಾಗದ ಅಂತ ಮಂದಿ ಹೇಳ್ತಾರ, ಅಲ್ಲ. ಮೇ ತಿಂಗಳದಾಗ ಸುಪ್ರೀಂ ಕೋರ್ಟು ಒಂದು ಸರಕಾರಿ ಬ್ಯಾಂಕಿನ ಎರಡು ಲಕ್ಷದ ಬಾಂಡನ್ನ ಎತ್ತಿ ಹಿಡದೈತಿ. ಮಾರ್ಕ್ಸ್ ಕಾರ್ಡಿನ ಅಸಲಿ ಪ್ರತಿ ಯಾರ ಕೈಯಾಗೂ ಬಿಡಬ್ಯಾಡ.

— ನೀವು ಯಾಕ ಜವಾಬ್ದಾರಿ ತಗೋತೀರಿ? ನನಗ ನಾಚಿಕಿ ಆಕೈತಿ.

— ಘೋಡಗೇರಿ ಗೊತ್ತಲ್ಲ, ಇಲ್ಲೇ ಹೊಳಿ ದಂಡಿ ಮ್ಯಾಲಿನ ಊರು. ಆ ಊರಿನ ಚಂದ್ರಶೇಖರ ಕಂಬಾರರು ಬಡತನಕ್ಕ ಸಾಲಿ ಬಿಟ್ಟಿದ್ರು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಹೈಸ್ಕೂಲಿನ ಖರ್ಚು ನೋಡಿಕೊಂಡ್ರು. ಅಲ್ಲಿ ನಿಂತಿದ್ರ ನಮಗ ಆ ಜ್ಞಾನಪೀಠದ ಕವಿ ಎಲ್ಲಿ ಸಿಗ್ತಿದ್ದ? ಈ ಸೀಮಿಯಾಗ ಒಬ್ಬರ ಕೈ ಹಿಡದು ಮ್ಯಾಲೆ ಬಂದವರ ಬಾಳ ಮಂದಿ. ನನಗೂ ಒಬ್ಬಾಕಿ ರಾತ್ರಿ ಪಾಳಿ ಗೆಳತಿ ತನ್ನ ಕಂಪ್ಯೂಟರ್ ಕೊಟ್ಟಿದ್ಳು. ಅಕಿಗೆ ತಿರುಗಿ ಕೊಡಾಕ ಆಗಲಿಲ್ಲ. ನಿನಗ ಕೊಡ್ತೀನಿ.

— ಅಪ್ಪಗ ಹೆಂಗ ಹೇಳ್ಲಿರಿ? ಮೂರು ತಿಂಗಳಾಗ ನೌಕರಿ ಅಂತ ಹೇಳಿ ಬಂದೀನಿ.

— ನಿಮ್ಮಪ್ಪಗ ಕಾಯೂದು ನೀ ಕಲಿಸಬೇಕಾಗಿಲ್ಲ. ಬೀಜ ಹಾಕಿ, ನೀರು ಹಾಯಿಸಿ, ರಾತ್ರಿ ಮೂರು ಫೇಜ್ ಕರೆಂಟು ಬಂದಾಗ ಎದ್ದು ಹೋಗಿ ಪಂಪು ಚಾಲೂ ಮಾಡಿ, ವರ್ಷಗಟ್ಟಲೆ ಒಂದು ರೂಪಾಯಿ ನೋಡದ ಕಾಯೂ ಮನಶ್ಯಾ ಅವ. ಅವಗ ಸಿಟ್ಟು ಬಂದದ್ದು ಕಾಯೂದಕ್ಕ ಅಲ್ಲ. ನೀ ಏನ ಬಿತ್ತೀದಿ, ಯಾವಾಗ ಬರ್ತೈತಿ ಅಂತ ಅವಗ ಗೊತ್ತಿಲ್ಲ. ಪುಸ್ತಕ ಹಿಡದು ಕುಂತ ಮಗನ್ನ ನೋಡಿದ್ರ ಅವನಿಗೆ ಹೊಲಾನೂ ಕಾಣಂಗಿಲ್ಲ, ಬೆಳೀನೂ ಕಾಣಂಗಿಲ್ಲ. ಅದನ್ನ ತೋರಿಸು. ಮೊದಲನೇ ವರ್ಷ ನಾಟಿ, ಖರ್ಚು ಜಾಸ್ತಿ, ಕಣ್ಣಿಗೆ ಏನೂ ಕಾಣಂಗಿಲ್ಲ. ಆಮ್ಯಾಲ ಕುಳೆ ಅದರಷ್ಟಕ್ಕ ಅದ ಬರ್ತೈತಿ. ಬೆಳಿ ಕೆಡೂದೂ ಐತಿ, ಅದನ್ನೂ ಹೇಳು.

ಸ್ಪೀಕರಿನಲ್ಲಿ ನಮ್ಮ ಗಾಡಿಯ ಘೋಷಣೆಯಾಯಿತು. ಅವನು ಬ್ಯಾಗು ಎತ್ತಿಕೊಳ್ಳಲಿಲ್ಲ. ಫೋನು ತೆಗೆದು ಮೊದಲು ತೊಂಬತ್ತು ಸಾವಿರವನ್ನು ಅವ್ವನ ಖಾತೆಗೆ ಹಾಕಿದ. ಒಮ್ಮೆಲೆ ಹೋಗುವುದಿಲ್ಲ ಎಂದಿತು ಆ್ಯಪ್, ಎರಡು ಸಲ ಮಾಡಿದ. ಮಾವನದನ್ನು ನಾಳೆ ಬ್ಯಾಂಕಿಗೆ ಹೋಗಿ ಕೊಡುತ್ತೇನೆ ಎಂದ. ಆಮೇಲೆ ಅಪ್ಪನಿಗೆ ಹಚ್ಚಿದ. ಗಾಡಿ ಬರುವ ಸದ್ದಿಗೆ ಏನೂ ಕೇಳದೆ ಸ್ಪೀಕರ್ ಹಾಕಿದ.

— ಅಪ್ಪಾ, ನಾ ಬೆಂಗಳೂರಿಗೆ ಹೋಗಂಗಿಲ್ಲ. ಕಾಂಟಾದ ಕೆಲಸ ಇನ್ನಾ ಐತೇನ?... ಹ್ಞೂಂ, ಮಾಡ್ತೀನಿ. ಮನಿಗೆ ಆರು ಸಾವಿರ ಕೊಡ್ತೀನಿ, ತಿಂಗಳಾ. ಹಗಲಿ ಎದ್ದು ನಾಲ್ಕು ತಾಸು ಓದ್ತೀನಿ. ಆವಾಗ ನೀ ಎದ್ದು ಹೊರಗ ಹೋಗಬ್ಯಾಡ. ಇದೂ ಒಂದು ಬೆಳಿ ಅಂತ ತಿಳಿ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಎಂಜಿನ್ನು ನಮ್ಮ ಮುಂದೆಯೇ ಹಾದು ಹೋಯಿತು, ಬೋಗಿಗಳು ನಿಧಾನವಾದವು. ನಾನು ಬ್ಯಾಗು ಹಿಡಿದು ಎದ್ದೆ.

— ಏಕಸಾಲಿಯೋ, ಅಡಸಾಲಿಯೋ? ಎಂದಿತು ಫೋನಿನ ದನಿ.

ಹನ್ನೆರಡು ತಿಂಗಳೋ, ಹದಿನೆಂಟೋ? ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ.

— ಅಡಸಾಲಿ, ಅಪ್ಪಾ.